ಬೆನ್ನುಬೇನೆ ಇಲ್ಲದವರ ಹೇಳಿಕೆ

ಮರಾಠಿ ಸೀಮೆಯೊಳಗಿನ ನಮ್ಮ ಔರಾದ ಶಹಾಜನಿಯ ಸಂತೆಯಲ್ಲಿ ಯಾರನ್ನು ಕೇಳಿದರೂ ನಮ್ಮ ಕಥೆ ಹೇಳುತ್ತಾರೆ, ಮತ್ತು ಎಲ್ಲರೂ ತಪ್ಪಾಗಿಯೇ ಹೇಳುತ್ತಾರೆ. ಕಿರಾಣಿ ಅಂಗಡಿಯ ಕಲ್ಯಾಣಮ್ಮ ತನ್ನ ಕೈಯಾರೆ ಗಂಡನನ್ನು ಜೈಲಿಗೆ ಕಳಿಸಿದಳು ಅಂತ ಒಂದು ಗುಂಪು. ಕಲ್ಯಾಣಮ್ಮ ಇದ್ದುದಕ್ಕೆ ಗಂಡನ ಮಾನ ಉಳಿಯಿತು ಅಂತ ಇನ್ನೊಂದು ಗುಂಪು. ಎರಡೂ ಗುಂಪಿನವರು ತೊಗರಿಬೇಳೆ ನಮ್ಮಲ್ಲಿಯೇ ಒಯ್ಯುವುದರಿಂದ ನಾನು ಯಾರ ಬಾಯಿಗೂ ಹೋಗುವುದಿಲ್ಲ. ಕೇಳುವ ತಾಳ್ಮೆ ಇದ್ದವರಿಗೆ ಮಾತ್ರ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯಲಿ. ನನ್ನ ಎದೆ ಗಟ್ಟಿ ಇದೆ, ಮತ್ತು ನಮ್ಮ ಮನೆಯವರು ತೊಂಬತ್ತು ದಿನ ಒಳಗಿದ್ದು ಬಂದು ಇವತ್ತು ಹಿಂದಿನ ಕೋಣೆಯಲ್ಲಿ ಬೇಳೆ ಜರಡಿ ಹಿಡಿಯುತ್ತ ಕೂತಿದ್ದಾರೆ. ಬೇಕಾದರೆ ಹೋಗಿ ಕೇಳಿ, ಅವರೂ ಇದನ್ನೇ ಹೇಳುತ್ತಾರೆ.

ಅವರ ಹೆಸರು ರೇವಣಸಿದ್ಧ. ಗಂಡನ ಹೆಸರು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಮ್ಮ ಅವ್ವ ಹೆದರಿಸುತ್ತಿದ್ದಳು. ಹದಿನೇಳು ವರ್ಷ ಫೌಜಿನಲ್ಲಿ ಕಂಡಕಂಡವರೆಲ್ಲ ಆ ಹೆಸರು ಕೂಗಿ ಕರೆದಿದ್ದಾರೆ, ಏನೂ ಆಗಲಿಲ್ಲ. ನಾನೊಬ್ಬಳು ಹೇಳಿದರೆ ಏನು ಮುಳುಗೀತು?

ಎರಡು ಸಾವಿರನೇ ಇಸವಿಯ ಫೆಬ್ರುವರಿ ಕೊನೆಗೆ ಅವರು ಪಿಂಚಣಿ ಹಿಡಿದು ಮನೆಗೆ ಬಂದರು. ಬಂದರು ಅಂದರೆ ಪೂರ್ತಿ ಬಂದಂತಲ್ಲ. ಅವರ ಫೌಜಿನ ಪುಸ್ತಕದಲ್ಲಿ ಬರೆದಿತ್ತು: ಇನ್ನು ಎರಡು ವರ್ಷ ರಿಸರ್ವ್. ಅಂದರೆ ಅಂಗಡಿ ನಡೆಸು, ಹೊಲ ನೋಡು, ಮಕ್ಕಳನ್ನು ಶಾಲೆಗೆ ಕಳಿಸು, ಆದರೆ ನಾವು ಕರೆದ ದಿನ ಇದ್ದಲ್ಲಿಂದ ಎದ್ದು ಬಾ. ಆಗ ನಾವ್ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಉದಗೀರದಲ್ಲಿ ಕಾಳು ದಲಾಲಿಯ ಅಡತಿ ಅಂಗಡಿ ಇಟ್ಟಿರುವ ನನ್ನ ತಮ್ಮ ಭೀಮಾಶಂಕರ ಅವರಿಗಾಗಿ ಉಮರ್ಗಾದ ಒಂದು ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸ ಮಾತಾಡಿ ಬಂದಿದ್ದ. ಫೌಜಿನಿಂದ ಬಂದವರಿಗೆ ನಮ್ಮ ಕಡೆ ಅದೇ ಕೆಲಸ. ನಮ್ಮ ಮನೆಯವರು ಒಲ್ಲೆ ಅಂದರು. ಅಕ್ಕನ ಗಂಡನನ್ನು ನಮ್ಮಲ್ಲಿ ಮರಾಠಿ ರೀತಿಯಲ್ಲಿ ದಾಜಿ ಅನ್ನುತ್ತಾರೆ. ಭೀಮ ಎಷ್ಟು ತಿಳಿಸಿ ಹೇಳಿದ.

"ದಾಜೀ, ಬಂದೂಕ ಹೆಗಲಿಗಿ ಹಾಕ್ಕೊಂಡು ಸ್ಟೂಲಿನ ಮ್ಯಾಲ ಕೂಡೂದು, ಅಷ್ಟೇ ಕೆಲ್ಸ. ಅದನ್ನ ಯಾವತ್ತೂ ಹೊಡಿಯೂದಿಲ್ರೀ."

"ಹೊಡಿಯೂದಿಲ್ಲಂದ್ರ ಹೆಗಲಿಗಿ ಯಾಕ ಬೇಕಪಾ?" ಎಂದು ಅವರು ಚಹಾ ಕುಡಿದು ಲೋಟ ಕೆಳಗಿಟ್ಟರು. ಮಾತು ಅಲ್ಲಿಗೆ ಮುಗಿಯಿತು. ನನ್ನ ತವರಿನವರ ಈ ಅಂಗಡಿಯಲ್ಲಿ ನನ್ನ ಜೊತೆ ಕೂತು ತೊಗರಿ, ಕಡಲೆ, ಜೋಳ ತೂಗತೊಡಗಿದರು.

ಕಾರಣ ನನಗೆ ಗೊತ್ತಿತ್ತು. ಅವರ ಊರು ಮಾಕಣಿಯ ಹತ್ತಿರ. ತೊಂಬತ್ಮೂರರ ಭೂಕಂಪದಲ್ಲಿ ಊರಿಗೆ ಊರೇ ಮಲಗಿತು, ನಮ್ಮ ಅತ್ತೆಯೂ ಕಲ್ಲಿನ ಕೆಳಗೆ ಹೋದಳು. ಅವರು ರಜೆ ಹಾಕಿ ಓಡಿಬಂದು ಒಂಬತ್ತು ದಿನ ಬರಿಗೈಯಲ್ಲಿ ಕಲ್ಲು ಎತ್ತಿದರು. ಹತ್ತನೆಯ ದಿನ, ಬಿದ್ದ ಗುಡಿಯಲ್ಲಿ ಉಳಿದಿದ್ದ ಮಲ್ಲಯ್ಯನ ಕಲ್ಲಿನ ಮುಂದೆ ನಿಂತು ಬೇಲಭಂಡಾರ ಎತ್ತಿದರು. ಅಂಗೈಯಲ್ಲಿ ಬಿಲ್ವಪತ್ರಿ, ಅದರ ಮೇಲೆ ಅರಿಶಿನದ ಭಂಡಾರ ಇಟ್ಟುಕೊಂಡು ಆಡಿದ ಮಾತದು. ಕೋರ್ಟಿನ ಕಟ್ಟೆಯ ಮೇಲೆ ಸುಳ್ಳುಸಾಕ್ಷಿಗೆ ಜನ ಸಿಕ್ಕಾರು, ಭಂಡಾರ ಎತ್ತಿ ಸುಳ್ಳಾಡುವವನು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

"ಇನ್ನ ಮನುಷ್ಯಾನ ಮ್ಯಾಲ ಬಂದೂಕ ಎತ್ತಂಗಿಲ್ಲ" ಎಂದರು. ಹಿಂದಿನ ವರ್ಷ ಗಡಿಯ ಗುಡ್ಡದಲ್ಲಿ ತಮ್ಮ ಗುಂಡಿಗೆ ಒಬ್ಬ ಸತ್ತ ಎಂದು ಅವತ್ತು ನನಗೆ ಹೇಳಿದರು. ಹೆಚ್ಚಿಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ಏಳು ವರ್ಷ ಅವರು ಪಲ್ಟನ್ನಿನ ಲಂಗರಿನಲ್ಲಿ, ಅಂದರೆ ಅಡುಗೆಮನೆಯಲ್ಲಿ, ಕಳೆದರು. ಯಾರೋ ಒಬ್ಬ ಒಳ್ಳೆಯ ಸಾಹೇಬ ಸದ್ದಿಲ್ಲದೆ ಅತ್ತ ಬದಲಿಸಿದ್ದನಂತೆ. ದಾಲು ಕುದಿಸಿದರು, ರೊಟ್ಟಿ ಬೇಯಿಸಿದರು. ಬಂದೂಕಿನ ಮಾತು ಯಾರೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ.

ಇನ್ನು ಆ ಕಾಗದದ ಸುದ್ದಿ. ಎರಡು ಸಾವಿರದ ಎರಡನೇ ಇಸವಿ, ಎಳ್ಳಮಾಸಿಯ ಹಿಂದಿನ ದಿನ. ಎಳ್ಳಮಾಸಿಗೆ ನಮ್ಮಲ್ಲಿ ಊರೆಲ್ಲ ಹೊಲಕ್ಕೆ ಹೋಗಿ, ಸೊಪ್ಪು ಕಾಳು ಕೂಡಿಸಿ ಬೇಯಿಸಿದ ಭಜ್ಜಿ, ಅಂಬಲಿ ಉಣ್ಣುತ್ತದೆ. ಆ ಹಬ್ಬದಲ್ಲಿ ಮನೆ ಬಿಟ್ಟು ಯಾರೂ ಬೇರೆ ಊರಿಗೆ ಹೋಗುವುದಿಲ್ಲ. ಅಂಥ ದಿನ ನನ್ನ ನೆಗೆಣ್ಣಿ, ಅಂದರೆ ನಮ್ಮ ಭಾವನ ಹೆಂಡತಿ ಪ್ರಯಾಗಬಾಯಿ, ಮಾಕಣಿಯಿಂದ ಮೂರು ಬಸ್ಸು ಬದಲಿಸಿ ಬಂದು ಅಂಗಡಿಯ ಮುಂದೆ ಇಳಿದಳು. ನಮ್ಮ ಮನೆಯವರು ಬೀಳಿಗೆ, ಅಂದರೆ ಕಾಳಿನ ಪೇಟೆಗೆ, ಚೀಲ ತರಲು ಹೋಗಿದ್ದರು. ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಉದ್ದನೆಯ ಲಕೋಟೆ ತೆಗೆದಳು.

"ಕಲ್ಯಾಣೀ, ಇದು ಮೈದುನನ ಹೆಸರಿಗಿ ಬಂದದ. ರಜಿಸ್ಟರ ಅದಂತ. ಟಪಾಲದಂವಾ ಹೆಬ್ಬೆಟ್ಟ ಒತ್ತು ಅಂದ, ಒತ್ತೀನಿ."

ನಾನು ಒಡೆದು ಓದಿದೆ. ಏಳನೇ ಇಯತ್ತೆ ಮರಾಠಿ ಶಾಲೆ ಕಲಿತವಳು, ಹಿಂದಿಯೂ ಬರುತ್ತದೆ. ಆ ಚಳಿಗಾಲ ಗಡಿಯಲ್ಲಿ ಫೌಜು ಜಮಾಯಿಸಿದ ಸುದ್ದಿ ರೇಡಿಯೋದಲ್ಲಿ ದಿನಾ ಬರುತ್ತಿತ್ತು. ಕಾಗದದಲ್ಲಿ ರಿಸರ್ವಿನ ನಾಯಕ ದರ್ಜೆಯ ರೇವಣಸಿದ್ಧ ಜನವರಿ ಮೂವತ್ತೊಂದರೊಳಗೆ ರೈಫಲ್ ಕಂಪನಿಗೆ ಹಾಜರಾಗಬೇಕು ಎಂದಿತ್ತು.

"ಹೆಬ್ಬೆಟ್ಟ ಯಾಕ ಒತ್ತಿದಿ ಅಕ್ಕಾ? ಆ ಮನುಷ್ಯಾ ಇಲ್ಲಿಲ್ಲ ಅಂತ ಹೇಳಿ ಹೊಳ್ಳಿ ಕಳಿಸ್ಬೇಕಿಲ್ಲೇನು!"

"ಸರ್ಕಾರದ ಕಾಗದ ಹೊಳ್ಳಿ ಕಳಿಸ್ತಾರೇನ ಹುಚ್ಚಿ?" ಎಂದಳು ಪ್ರಯಾಗಬಾಯಿ. "ಮರತಿ ಏನು?"

ಮರೆತಿರಲಿಲ್ಲ. ಭೂಕಂಪದ ಮುಂದಿನ ಎರಡು ವರ್ಷ ನಮ್ಮ ಜನ ಕಾಗದದ ಮೇಲೆ ಬದುಕಿದ್ದರು. ತಗಡಿನ ಪತ್ರೆ ಶೆಡ್ಡಿಗೆ ಕಾಗದ, ಕಂಬಳಿಗೆ ಕಾಗದ, ಹೊಸ ಊರಿನ ಮನೆ ನಂಬರಿಗೆ ಕಾಗದ. ಯಾರ ಹೆಸರಿಗೆ ಬಂದರೂ ಮನೆಯಲ್ಲಿ ಇದ್ದವರು ಹೆಬ್ಬೆಟ್ಟು ಒತ್ತಿ ಇಟ್ಟುಕೊಳ್ಳಬೇಕು. ಆ ಮನುಷ್ಯ ಇಲ್ಲ ಎಂದು ಒಮ್ಮೆ ಹೊಳ್ಳಿ ಕಳಿಸಿದವರ ಹೆಸರು ಯಾದಿಯಿಂದಲೇ ಹೋಗುತ್ತಿತ್ತು. ಆ ರೂಢಿ ನಮ್ಮ ಹೆಂಗಸರ ಹೆಬ್ಬೆರಳಿಗೆ ಅಂಟಿಕೊಂಡು ಬಿಟ್ಟಿದೆ. ಆಕೆಯನ್ನು ಬೈದು ಏನು ಬಂತು?

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ರಿಸರ್ವ್ ಮುಗಿಯಲು ನಲವತ್ತೇಳು ದಿನ ಇತ್ತು. ನಲವತ್ತೇಳು ದಿನ ಈ ಕಾಗದ ಅವರ ಕಣ್ಣಿಗೆ ಬೀಳದಿದ್ದರೆ ಆಮೇಲೆ ಯಾವ ಫೌಜೂ ಕರೆಯುವ ಹಾಗಿಲ್ಲ. ಓದದ ಕಾಗದ ಮನುಷ್ಯನನ್ನು ಹೇಗೆ ಕಟ್ಟಿಹಾಕೀತು ಎಂದುಕೊಂಡೆ. ಬಿದ್ದರೆ ಏನಾಗುತ್ತದೆ ಎನ್ನುವುದೂ ಗೊತ್ತಿತ್ತು. ಅವತ್ತೇ ಬಸ್ಸು ಹತ್ತಿ ಹೋಗಿ, ಸಾಹೇಬರ ಮುಖದ ಮೇಲೆ ಒಲ್ಲೆ ಎಂದು ಹೇಳಿ, ಅಲ್ಲೇ ಬಂಧನಕ್ಕೆ ಕೈ ಕೊಡುವ ಮನುಷ್ಯ ಅವರು. ಮಗಳು ಸಪ್ನಾ ಎಂಟನೆಯ ಇಯತ್ತೆಯಲ್ಲಿದ್ದಳು. ನಾನು ಲಕೋಟೆಯನ್ನು ಉದ್ದಿನಬೇಳೆಯ ಚೀಲದ ಕೆಳಗೆ ತಳ್ಳಿದೆ. ಪ್ರಯಾಗಬಾಯಿಯಿಂದ ಆಣೆ ಹಾಕಿಸಿಕೊಂಡೆ. ಮರುದಿನ ಹೊಲದಲ್ಲಿ ಅವರಿಗೆ ಎರಡು ಸೌಟು ಹೆಚ್ಚಿಗೆ ಭಜ್ಜಿ ಬಡಿಸಿದೆ. ಬುದ್ಧಿವಂತೆ ಎಂದು ನನ್ನ ಬೆನ್ನು ನಾನೇ ಚಪ್ಪರಿಸಿಕೊಂಡೆ, ಸುಳ್ಳೇಕೆ ಹೇಳಲಿ.

ಫೆಬ್ರುವರಿ ಹತ್ತರ ಸುಮಾರಿಗೆ, ತುಂಬಿದ ಸಂತೆಯ ದಿನ, ಸಂಜುಕುಮಾರ ಎಂಬ ಪೊಲೀಸ ಅಂಗಡಿಗೆ ಬಂದ. ದಿನಾ ನಮ್ಮಲ್ಲಿ ಬೆಲ್ಲ ಒಯ್ಯುವ ಹುಡುಗ. ಅವತ್ತು ಬೆಲ್ಲ ಕೇಳಲಿಲ್ಲ. ತಲೆ ತಗ್ಗಿಸಿ ಒಂದು ನೋಟಿಸು ಓದಿದ. ಹಾಜರಾಗಲು ಕಳಿಸಿದ ಕಾಗದ ಮನೆಯವರಿಗೆ ಮುಟ್ಟಿದೆ, ಹೆಬ್ಬೆಟ್ಟಿನ ಗುರುತು ಇದೆ, ಆದರೂ ಆಸಾಮಿ ಬಂದಿಲ್ಲ, ಏಳು ದಿನದಲ್ಲಿ ಬಂದು ಕಾರಣ ಹೇಳದಿದ್ದರೆ ಭಗೋಡಾ ಎಂದು ತಿಳಿಯಲಾಗುವುದು. ಭಗೋಡಾ ಅಂದರೆ ಪಲ್ಟನ್ನಿನಿಂದ ಓಡಿಹೋದವನು. ಅಂಗಡಿಯ ಮುಂದೆ ಹತ್ತು ಜನ ನಿಂತಿದ್ದರು. ಆ ಮಾತು ಎಲ್ಲರಿಗೂ ಕೇಳಿಸಿತು.

"ಯಾವ ಕಾಗದ?" ಎಂದು ಅವರು ಕೇಳಿದ್ದು ಪೊಲೀಸನನ್ನು. ಆಮೇಲೆ ನನ್ನ ಮುಖ ನೋಡಿದರು.

ನಾನು ಚೀಲ ಎತ್ತಿ ಲಕೋಟೆ ತೆಗೆದುಕೊಟ್ಟೆ.

ಅವರು ತಕ್ಕಡಿಯಲ್ಲಿದ್ದ ಕಡಲೆಯನ್ನು ಕಟ್ಟಿಕೊಟ್ಟು, ಪೊಲೀಸನಿಗೆ ಸಹಿ ಹಾಕಿಕೊಟ್ಟು, ಎಲ್ಲರೂ ಹೋದ ಮೇಲೆ ಒಳಗೆ ಬಂದರು. ಮದುವೆಯಾಗಿ ಹದಿನಾರು ವರ್ಷಕ್ಕೆ ಮೊದಲ ಸಲ ಅವರ ದನಿ ಏರಿದ್ದು ಅವತ್ತು.

"ನನ್ನ ಉಳಿಸಿದೆ ಅಂತ ತಿಳದಿ ಏನು?"

"ಹೌದ್ರೀ, ಉಳಿಸ್ಲಿಕ್ಕೇ ಇಟ್ಟೆ. ನೀವೇನ್ ಮಾಡ್ತಿದ್ರಿ ನನಗ ಗೊತ್ತಿಲ್ಲೇನು? ಹೋಗಿ ಒಲ್ಲೆ ಅಂತಿದ್ರಿ. ಒಳಗ ಹಾಕ್ತಿದ್ರು."

"ಹಾಕ್ಲಿ! ಒಲ್ಲೆ ಅಂದಂವನ್ನ ಒಳಗ ಹಾಕ್ತಾರ. ಓಡಿಹೋದಂವನ್ನೂ ಒಳಗ ಹಾಕ್ತಾರ. ಎರಡಕ್ಕೂ ಫರಕ ಇಲ್ಲೇನು? ಎಂಟು ವರ್ಷದಿಂದ ಈ ಒಂದು ಮಾತು ಹೊಟ್ಟ್ಯಾಗ ಇಟ್ಕೊಂಡು ಕುಂತೀನಿ. ಅವರಾಗೇ ಕರದು ಕೇಳಿದ್ರು. ನೀ ಅದನ್ನ ಬ್ಯಾಳಿ ಚೀಲದ ಕೆಳಗ ಒತ್ತಿಟ್ಟಿ."

ನನಗೂ ಬಾಯಿ ಇದೆ, ನಾನೂ ಬಿಡಲಿಲ್ಲ. ಹೆಂಡತಿ ಮಗಳಿಗಿಂತ ಒಂದು ಮಾತು ಹೆಚ್ಚೇನು ಎಂದು ಕೂಗಾಡಿದೆ. ಸಪ್ನಾ ಬಾಗಿಲಲ್ಲಿ ನಿಂತು ಅಳತೊಡಗಿದ ಮೇಲೆ ಇಬ್ಬರೂ ಸುಮ್ಮನಾದೆವು. ಆದರೆ ಆ ಭಗೋಡಾ ಎಂಬ ಶಬ್ದ ಕಿವಿಯಿಂದ ಹೋಗಲಿಲ್ಲ. ಕಲ್ಲಿನ ಕೆಳಗಿನಿಂದ ಜನರನ್ನು ಎಳೆದು ತೆಗೆದ ಮನುಷ್ಯನಿಗೆ ನನ್ನಿಂದ ಬಂದ ಹೆಸರು ಅದು. ನಾಚಿಕೆ ಎಂದರೆ ಏನು ಎಂದು ಅವತ್ತು ತಿಳಿಯಿತು.

ಸುದ್ದಿ ಕೇಳಿ ಮರುದಿನವೇ ಭೀಮ ಉದಗೀರದಿಂದ ಬಂದ. ಅವನ ಹತ್ತಿರ ಎಲ್ಲದಕ್ಕೂ ದಾರಿ ಇರುತ್ತದೆ.

"ದಾಜೀ, ಚಿಂತಿ ಬ್ಯಾಡ್ರಿ. ನಮ್ಮ ಪರಿಚಯದ ಡಾಕ್ಟರ ಒಬ್ಬ ಅದಾನ. ಬೆನ್ನುಬ್ಯಾನಿ ಅಂತ ಚೀಟಿ ಬರ್ಸೂಣು. ಕೈ ಮುರದ್ರ ಫೋಟೋದಾಗ ಕಾಣ್ತದ, ಬೆನ್ನುಬ್ಯಾನಿ ಯಾವ ಫೋಟೋದಾಗೂ ಕಾಣಂಗಿಲ್ಲ. ಕಾಗದ ಬಂದಾಗ ಹಾಸಿಗಿ ಹಿಡದಿದ್ರು ಅಂದ್ರ ಮುಗೀತು. ಹದಿನೈದು ದಿನಕ್ಕ ರಿಸರ್ವೂ ಮುಗೀತದ."

ನಮ್ಮ ಮನೆಯವರು ಎದ್ದು ಹೋಗಿ, ಗೋಡೆಗೆ ಒರಗಿಸಿದ್ದ ಕ್ವಿಂಟಲ್ ತೊಗರಿಯ ಚೀಲವನ್ನು ಬೆನ್ನಿಗೆ ಏರಿಸಿಕೊಂಡರು. ಅಂಗಡಿಯ ಈ ತುದಿಯಿಂದ ಆ ತುದಿಗೆ ಹೊತ್ತು ನಡೆದು ಭೀಮನ ಕಾಲಿನ ಹತ್ತಿರ ಇಳಿಸಿದರು.

"ಎಲ್ಲಿ ಬ್ಯಾನಿ ಅದ, ತೋರ್ಸು" ಎಂದರು.

ಭೀಮ ನನ್ನ ಕಡೆ ತಿರುಗಿ, "ಅಕ್ಕಾ, ನಿನ್ನ ಗಂಡಗ ಬೆನ್ನಲ್ಲ, ತೆಲಿ ಕೆಟ್ಟದ" ಎಂದ. ನನಗೆ ಅಂಥ ಹೊತ್ತಿನಲ್ಲೂ ನಗು ಬಂತು.

ನಾಲ್ಕನೆಯ ದಿನ ನಾವು ಮೂವರೂ ನಿಲಂಗಾಕ್ಕೆ ಹೋದೆವು. ಫೌಜಿನಿಂದ ಬಂದವರ ಕಾಗದಪತ್ರ ನೋಡುವ ಸುಭೇದಾರ ಬೀರಣ್ಣ ಎಂಬವರು ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಬಾಡಿಗೆ ಕೋಣೆಯಲ್ಲಿ ಕೂಡುತ್ತಿದ್ದರು. ನೋಟಿಸಿಗೆ ಕಾರಣ ಬರೆಸಬೇಕಾದದ್ದು ಅವರ ಮುಂದೆ. ಬೀದರ ಕಡೆಯವರು, ನಮ್ಮ ಮಾತಿನವರು, ಬಿಳಿ ಮೀಸೆ, ನೋಡಿದರೆ ಸೋದರಮಾವನಂತೆ ಕಾಣುವ ಮನುಷ್ಯ. ನಾನು ಬಸ್‌ಸ್ಟ್ಯಾಂಡಿನಲ್ಲಿ ಮುಖ ತೊಳೆಯುವಷ್ಟರಲ್ಲಿ ಭೀಮ ಒಬ್ಬನೇ ಮುಂದೆ ಹೋಗಿ ಅವರನ್ನು ಕಂಡು ಬಂದಿದ್ದ. ಯಾಕೋ ಎಂದರೆ, ನಮಸ್ಕಾರ ಮಾಡಿ ಬಂದೆ ಎಂದ. ಅವನು ಹೊರಗೆ ಉಳಿದ, ನಾವಿಬ್ಬರು ಒಳಗೆ ಕೂತೆವು.

ಮೊದಲು ನಾನೇ ಬಾಯಿಬಿಟ್ಟೆ. ಇದನ್ನು ಹೇಳಲೆಂದೇ ನಾನು ಹೋಗಿದ್ದು.

"ಸಾಹೇಬ್ರ, ಇವರು ಓಡಿ ಹೋಗಿಲ್ರೀ. ಕಾಗದ ಇವರಿಗಿ ಮುಟ್ಟೇ ಇಲ್ಲ. ಹೆಬ್ಬೆಟ್ಟು ನಮ್ಮ ನೆಗೆಣ್ಣಿದು, ಮುಚ್ಚಿಟ್ಟಾಕಿ ನಾ. ತಪ್ಪು ನಂದದ. ಬರಕೊಳ್ರಿ."

ಬೀರಣ್ಣನವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಿಂಗ ಒಪ್ಕೊಳ್ಳು ಮಂದಿ ನನ್ನ ಮುಂದ ಬಂದಿದ್ದು ಇದೇ ಮೊದಲು ತಂಗಿ" ಎಂದು ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು ನಮ್ಮ ಮನೆಯವರ ಕಡೆ ತಿರುಗಿದರು. "ಹಂಗಾದ್ರ ಭಗೋಡಾ ಅನ್ನೂದು ಹೋಯ್ತು. ಈಗ ಹೊಂಡ್ತೀರೇನು ನಾಯಕ?"

"ಇಲ್ರೀ. ಬಂದೂಕ ಹಿಡಿಯಂಗಿಲ್ಲ."

"ಲಂಗರಿನ್ಯಾಗ ಹಾಕ್ರಿ ಅಂತ ಬರೀತೀನಿ. ಮೊದಲೂ ಅಲ್ಲೇ ಇದ್ರಂತಲ್ಲ?"

"ಏಳು ವರ್ಷ ಆ ದಾಲಿನ ಡೇಗಿ ಹಿಂದ ಅಡಗಿ ಕುಂತೆ ಸಾಬ್. ನಾ ಹಿಡಿಯಂಗಿಲ್ಲ ಅಂತ ಒಬ್ಬರಿಗೂ ಹೇಳ್ಲಿಲ್ಲ, ಒಬ್ಬರೂ ಕೇಳ್ಲಿಲ್ಲ. ಈ ಸರ್ತಿ ಅಡಗಂಗಿಲ್ಲ. ಯಾಕ ಅನ್ನೂದು ಅವರು ಕೇಳ್ಬೇಕು."

"ಹೇಳ್ರಿ, ಯಾಕ?"

ಅವರು ಹೇಳಿದರು. ತೊಂಬತ್ತೆರಡರಲ್ಲಿ, ಗಡಿಯ ಒಂದು ಗುಡ್ಡ, ಬೆಳಗಿನ ಮಂಜು. ಇಳಿದು ಬರುತ್ತಿದ್ದ ಒಬ್ಬನಿಗೆ ನಿಲ್ಲು ಎಂದರಂತೆ. ಅವನು ನಿಲ್ಲಲಿಲ್ಲ. ಹೊಡೆದರು. ಹತ್ತಿರ ಹೋದಾಗ ಅವನ ಹೆಗಲ ಮೇಲೆ ಕಟ್ಟಿಗೆ ಕಟ್ಟುವ ಹಗ್ಗ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಊರಿನವರು ಬಂದು, ಅವನಿಗೆ ಕಿವಿ ಕೇಳುತ್ತಿರಲಿಲ್ಲ ಎಂದರು.

"ಸಂಜಿಗಿ ಒಂದು ಕಾಗದ ತಯಾರಾತು. ಅವನ ಹಂತ್ಯಾಕ ಹತ್ಯಾರ ಇತ್ತು ಅಂತ ಬರದಿದ್ರು. ಓದಿದೆ ಸಾಬ್. ಓದಿ ಸಹಿ ಮಾಡ್ದೆ. ಗುಂಡಿನಕಿಂತ ಆ ಸಹಿ ನನಗ ಹೆಚ್ಚು ಚುಚ್ತದ."

ಸಹಿಯ ಮಾತು ನಾನು ಮೊದಲ ಸಲ ಕೇಳಿದ್ದು ಅಲ್ಲಿ, ಆ ಬಾಡಿಗೆ ಕೋಣೆಯಲ್ಲಿ. ನನ್ನ ಪಕ್ಕದಲ್ಲಿ ಮಲಗುವ ಮನುಷ್ಯ ಹತ್ತು ವರ್ಷ ಇದನ್ನು ಒಬ್ಬರೇ ಹೊತ್ತುಕೊಂಡಿದ್ದರು.

ಬೀರಣ್ಣನವರು ಬಹಳ ಹೊತ್ತು ಬರೆದರು. ಒಂದು ಹಾಳೆ ತುಂಬಿಸಿ, ಇನ್ನೊಂದು ಕಾಗದಕ್ಕೆ ಟಾಚಣಿಯಿಂದ ಚುಚ್ಚಿ, ನಮ್ಮ ಮನೆಯವರ ಮುಂದೆ ಇಟ್ಟರು.

"ಸಹಿ ಮಾಡ್ರಿ. ತಂಗೀ, ಕೆಳಗ ನೀ ಸಾಕ್ಷಿ."

ಅವರು ಹಾಳೆಯ ಮೇಲೆ ಬಾಗಿದರು. ಪೆನ್ನು ಎತ್ತಿಕೊಂಡು ಕೆಳಗಿನ ಸಾಲಿಗೆ ತಂದರು. ಮನೆಯಲ್ಲೂ ಅವರದು ಅದೇ ಚಾಳಿ. ಗ್ಯಾಸಿನ ಫಾರ್ಮು ಇರಲಿ, ಶಾಲೆಯ ಚೀಟಿ ಇರಲಿ, ಸಾಹೇಬ ತೋರಿಸಿದಲ್ಲಿ ಸಹಿ ಹಾಕುವ ಫೌಜಿ ಚಾಳಿ. ನಾನು ವ್ಯಾಪಾರಿಯ ಮಗಳು. ಓದದೆ ಸಹಿ ಹಾಕಿದರೆ ನಮ್ಮ ಅಪ್ಪ ಕೈ ಮುರಿಯುತ್ತಿದ್ದ. ಹಾಳೆಯ ಮೂಲೆ ಹಿಡಿದು ನನ್ನ ಕಡೆ ಎಳೆದುಕೊಂಡೆ.

ಮೊದಲ ನಾಲ್ಕು ಸಾಲು ಸರಿ ಇತ್ತು, ಹೆಬ್ಬೆಟ್ಟು, ನನ್ನ ತಪ್ಪು, ಎಲ್ಲ. ಐದನೆಯ ಸಾಲಿಗೆ ಬಂದೆ. "ತೀವ್ರ ಬೆನ್ನುಬೇನೆಯ ಕಾರಣ ಸೇವೆಗೆ ಅಸಮರ್ಥನಾಗಿದ್ದು, ಕ್ಷಮೆ ಕೋರುತ್ತೇನೆ" ಎಂದಿತ್ತು, ಚಂದದ ಹಿಂದಿಯಲ್ಲಿ. ಕಟ್ಟಿಗೆಯವನ ಸುದ್ದಿ ಎಲ್ಲೂ ಇರಲಿಲ್ಲ. ಒಲ್ಲೆ ಎನ್ನುವ ಶಬ್ದ ಇರಲಿಲ್ಲ. ಹಿಂದೆ ಚುಚ್ಚಿದ್ದು ಉದಗೀರದ ಡಾಕ್ಟರನ ಚೀಟಿ. ಭೀಮನ ನಮಸ್ಕಾರ ಏನು ಎಂದು ಆಗ ತಿಳಿಯಿತು.

ತಲೆ ಎತ್ತಿದೆ. ಬೀರಣ್ಣನವರು ನನ್ನನ್ನೇ ನೋಡುತ್ತಿದ್ದರು. ಸುಮ್ಮನಿರು ತಂಗಿ ಎನ್ನುವ ಹಾಗೆ ತಲೆಯನ್ನು ಒಂದಿಷ್ಟೇ ಅಲ್ಲಾಡಿಸಿದರು.

ಸತ್ಯ ಹೇಳುತ್ತೇನೆ, ನಾನು ಒಲಿದೆ. ಒಂದು ಗಳಿಗೆ ಪೂರ್ತಿ ಒಲಿದೆ. ಇವರು ಓದಿಲ್ಲ, ಸಹಿ ಹಾಕುತ್ತಾರೆ. ಒಲ್ಲೆ ಎಂದು ಹೇಳಿ ಬಂದೆ ಎಂಬ ಸಮಾಧಾನ ಅವರಿಗೆ, ಗಂಡ ಮನೆಗೆ ಬಂದರು ಎಂಬ ಸಮಾಧಾನ ನನಗೆ. ಸಂಜೆಯ ಬಸ್ಸಿಗೆ ಮೂವರೂ ಔರಾದದಲ್ಲಿ ಇಳಿಯುತ್ತೇವೆ. ಯಾರಿಗೆ ಏನು ನಷ್ಟ? ಸಾಯುವ ತನಕ ಅವರಿಗೆ ಗೊತ್ತಾಗುವುದಿಲ್ಲ.

ಆದರೆ ನನಗೆ ಗೊತ್ತಿರುತ್ತದಲ್ಲ. ಅವರ ಹೆಸರಿನ ಮೇಲೆ ಒಂದು ಸುಳ್ಳು ಕಾಗದ ಆಗಲೇ ಇತ್ತು, ಹತ್ತು ವರ್ಷ ಅದು ಅವರನ್ನು ಮಲಗಗೊಟ್ಟಿರಲಿಲ್ಲ. ಎರಡನೆಯದಕ್ಕೆ ಸಾಕ್ಷಿ ಸಹಿ ನನ್ನದಾಗಬೇಕೆ? ಒಮ್ಮೆ ಅವರ ಬಾಯಿ ಮುಚ್ಚಿ ನೋಡಿದ್ದೆ. ಆ ಉಪಕಾರದ ಹಣೆಬರಹ ಕಂಡಿದ್ದೆ.

"ಸಾಹೇಬ್ರ, ಇದು ಯಾರು ಹೇಳಿದ ಬಯಾನರಿ?" ಎಂದೆ.

"ನಿನ್ನ ಗಂಡನ್ದೇ ತಂಗಿ. ಸುಮ್ನ ಸಹಿ—"

"ನನ್ನ ಗಂಡಗ ಬೆನ್ನುಬ್ಯಾನಿ ಇಲ್ರೀ. ಮೊನ್ನಿ ಕ್ವಿಂಟಲ್ ಚೀಲ ಹೊತ್ತಾರ. ಇದರಾಗ ಬೆನ್ನುಬ್ಯಾನಿ ಅಂತ ಬರದದ."

ಬೀರಣ್ಣನವರ ಮುಖ ಕೆಂಪಾಯಿತು. ಹಾಳೆ ಕಸಿದುಕೊಂಡರು.

"ನಿನ್ನ ಕುಂಕುಮ ಗಟ್ಟಿ ಇರ್ಲಿ ಅಂತ ಬರದೆ ತಾಯಿ! ನನ್ನ ನೌಕರಿ ಮ್ಯಾಲ ತಗೊಂಡು ಬರದೆ! ಇಂವನ್ನ ಉಳ್ಸಾಕ ಬರದೆ!"

"ನೀವು ಉಳ್ಸಿದ್ದು ಯಾರೋ ಬೆನ್ನುಬ್ಯಾನಿ ಇದ್ದಂವನ್ನ ರೀ. ಇವರನ್ನಲ್ಲ. ಇವರು ಹೇಳಿದ್ದು ಬರೀರಿ, ಸಾಕ್ಷಿ ಹಾಕ್ತೀನಿ."

ನಮ್ಮ ಮನೆಯವರು ಪೆನ್ನು ಹಿಡಿದ ಕೈಯನ್ನು ಮೇಜಿನ ಮೇಲೆ ಹಾಗೇ ಇಟ್ಟುಕೊಂಡು ಕೂತಿದ್ದರು. ನನ್ನ ಕಡೆಯಾಗಲಿ ಸಾಹೇಬರ ಕಡೆಯಾಗಲಿ ನೋಡಲಿಲ್ಲ.

ಬೀರಣ್ಣನವರು ಆ ಹಾಳೆ ಹರಿದರು. ಹೊಸ ಹಾಳೆ ತೆಗೆದು, ಸಿಟ್ಟಿನಲ್ಲಿ ಪೆನ್ನು ಒತ್ತಿ ಒತ್ತಿ, ಈ ಸಲ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತ ಬರೆದರು. ಕಟ್ಟಿಗೆಯವನು ಬಂದ, ಹಗ್ಗ ಬಂತು, ಸುಳ್ಳು ಸಹಿ ಬಂತು. "ಮನುಷ್ಯನ ಮೇಲೆ ಶಸ್ತ್ರ ಎತ್ತಲು ನನ್ನ ಮನಸ್ಸು ಒಪ್ಪುವುದಿಲ್ಲ, ಅದಕ್ಕೆ ಬರುವ ಶಿಕ್ಷೆ ನನಗೆ ಒಪ್ಪಿಗೆ" ಎಂದು ಮುಗಿಯಿತು. ನಮ್ಮ ಮನೆಯವರು ಸಹಿ ಹಾಕಿದರು. ಕೆಳಗೆ ನಾನು ಹಾಕಿದೆ. ಬೀರಣ್ಣನವರು ಫೋನಿನಲ್ಲಿ ಠಾಣೆಗೆ ಮಾತಾಡಿ, ಜೀಪು ಬಂದು ಲಾತೂರಿಗೆ ಒಯ್ಯುತ್ತದೆ, ಅಲ್ಲಿಂದ ರೈಲು, ಹೊರಗೆ ಕೂತಿರಿ ಎಂದರು. ಬಾಗಿಲು ದಾಟುವಾಗ ಹಿಂದಿನಿಂದ ಕೇಳಿದರು, ಈಗ ಸಿಟ್ಟಿಲ್ಲದ ದನಿಯಲ್ಲಿ. "ಊಟ ಆಗ್ಯಾದೇನು ನಿಮ್ಮಿಬ್ಬರದು?"

ಹೊರಗೆ ಬೇವಿನ ಗಿಡದ ಕೆಳಗೆ ಕಲ್ಲುಬೆಂಚು ಇತ್ತು. ಭೀಮ ನನ್ನ ಮುಖ ನೋಡಿದವನೇ ಚಹಾ ತರುತ್ತೇನೆ ಎಂದು ಜಾಗ ಖಾಲಿ ಮಾಡಿದ. ಆಮೇಲೆ ವಿಚಾರಿಸಿಕೊಂಡರಾಯಿತು ಎಂದು ಬಿಟ್ಟೆ. ನನಗೆ ಎದೆ ಹಗುರಾಗಿತ್ತು. ಗಂಡ ಜೈಲಿಗೆ ಹೊರಟಿದ್ದಾರೆ, ನನಗೆ ಹೆಮ್ಮೆ. ಎಂಥ ಗಟ್ಟಿ ಮನುಷ್ಯನ ಹೆಂಡತಿ ನಾನು ಎಂದು ಸೆರಗು ಸರಿಮಾಡಿಕೊಂಡು ಕೂತೆ.

"ಕಲ್ಯಾಣೀ" ಎಂದರು.

"ಏನ್ರಿ?"

"ಆ ಮೊದಲಿನ ಕಾಗದ ನಾ ಓದಿದ್ದೆ."

ನನಗೆ ಮೊದಲು ತಿಳಿಯಲೇ ಇಲ್ಲ. "ಯಾವ್ದು?"

"ಬೆನ್ನುಬ್ಯಾನಿದು. ಬಾಗಿದಾಗ ಎಲ್ಲಾ ಓದಿದೆ. ಓದೇ ಪೆನ್ನು ಎತ್ತಿದೆ." ಅವರು ಅಂಗೈ ನೋಡಿಕೊಳ್ಳುತ್ತಿದ್ದರು. "ಸಪ್ನಾ ಕಣ್ಣ ಮುಂದ ಬಂದ್ಳು. ನೀ ಬಾಜು ಕುಂತಿದ್ದಿ. ಇರ್ಲಿ ಬಿಡು, ಬಾಯಿಂದ ಹೇಳಿದ್ದಾಯ್ತಲ್ಲ, ಕಾಗದದ ಮ್ಯಾಲ ಏನಾರ ಇರ್ಲಿ ಅಂದ್ಕೊಂಡೆ. ಮಾಡೇಬಿಡ್ತಿದ್ದೆ. ನೀ ಜಗ್ಗಿದಿ."

ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಮನುಷ್ಯ, ಎಲ್ಲ ತಿಳಿದೂ, ನನ್ನ ಜೊತೆ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದರು. ಅವರಿಗೆ ಮನೆ ಬೇಕಾಗಿತ್ತು. ಒಲ್ಲೆ ಎನ್ನುವ ಧೈರ್ಯ ಆ ಗಳಿಗೆ ಅವರಿಗೆ ಇರಲಿಲ್ಲ, ಮತ್ತು ನಾನು ಅದನ್ನು ಅವರಿಗೆ ಹೊರಿಸಿಬಿಟ್ಟಿದ್ದೆ. ಹಿಂದೆ ಅವರ ಮಾತನ್ನು ಮುಚ್ಚಿಟ್ಟೆ, ಇವತ್ತು ಅವರ ಪರವಾಗಿ ನಾನೇ ಆಡಿದೆ. ಎರಡು ಸಲವೂ ಅವರನ್ನು ಕೇಳಲಿಲ್ಲ. ಅಯ್ಯೋ ಶಿವನೇ, ಎಂಥ ಹೆಂಗಸು ನಾನು ಎನಿಸಿ ಕಣ್ಣಲ್ಲಿ ನೀರು ಬಂತು.

ಅಳುತ್ತ ಕೂಡುವ ಪೈಕಿ ಅಲ್ಲ ನಾನು. ಸೆರಗಿನಿಂದ ಮೂಗು ಒರೆಸಿಕೊಂಡೆ.

"ಕೇಳ್ರಿ" ಎಂದೆ. "ಜೀಪು ಇನ್ನಾ ಬಂದಿಲ್ಲ. ಸುಭೇದಾರ್ರು ಒಳಗೇ ಅದಾರ, ಸಿಟ್ಟೂ ಇಳದದ. ಡಾಕ್ಟರನ ಚೀಟಿ ಅವರ ಮೇಜಿನ ಮ್ಯಾಲೇ ಅದ, ನಾ ನೋಡೀನಿ. ನೀವು ಹೂಂ ಅಂದ್ರ ಈಗೇ ಒಳಗ ಹೋಗ್ತೀನಿ, ಕಾಲ ಹಿಡೀತೀನಿ, ನಂದೇ ತೆಲಿ ಕೆಟ್ಟಿತ್ತು ಅಂತೀನಿ. ಬದಲ್ ಮಾಡಸ್ತೀನಿ. ಜನ್ಮದಾಗ ಒಂದು ಮಾತು ಅನ್ನಂಗಿಲ್ಲ ನಿಮಗ, ಮಲ್ಲಯ್ಯನ ಆಣಿ. ಏನಂತೀರಿ?"

ಅವರು ಮೊಣಕಾಲ ಮೇಲೆ ಕೈಯಿಟ್ಟು ಕೂತರು. ರಸ್ತೆಯ ಆಚೆ ತೊಗರಿ ಹೇರಿದ ಟೆಂಪೋಗಳು ಬೀಳಿನ ಕಡೆ ಹೋಗುತ್ತಿದ್ದವು. ಐದು ಹೋದವು, ಆರು ಹೋದವು. ನಾನು ಎದ್ದು ನಿಂತೇ ಇದ್ದೆ, ಅವರು ಹೂಂ ಎಂದರೆ ಒಳಗೆ ಓಡಲು ತಯಾರಾಗಿ. ಹೂಂ ಅನ್ನಲಿ ಎಂದು ನನ್ನ ಜೀವ ಬೇಡುತ್ತಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ಪೊಲೀಸರ ಜೀಪು ಕಾಣಿಸಿತು. ಗೇಟಿನ ಹತ್ತಿರ ಬಂದು ನಿಂತಿತು.

ಅವರು ಎದ್ದರು. ನನ್ನ ಮುಖವನ್ನು ಪೂರ್ತಿ ನೋಡಿದರು.

"ಬ್ಯಾಡ" ಎಂದರು.

ಅಂಗಿಯ ಮಡಿಕೆ ಸರಿಮಾಡಿಕೊಂಡು, ಯಾರೂ ಕರೆಯುವ ಮೊದಲೇ ಜೀಪಿನ ಕಡೆ ನಡೆದರು.